ಎಂಜಿನ್ ತಣ್ಣಗಿರುವಾಗಲೇ ಹಳೆಯ ಕಾರನ್ನು ನೋಡಿ

ನಾನು ಮೊದಲ ಹಳೆಯ ಕಾರನ್ನು ನೋಡಲು ಹೋದ ದಿನ ಅದರ ಬಾನೆಟ್ ಬೆಚ್ಚಗಿತ್ತು. ಅದರ ಅರ್ಥ ನನಗೆ ತಿಳಿದದ್ದು ಕೊಂಡ ಮರುದಿನ ಬೆಳಿಗ್ಗೆ. ಕೀಲಿ ತಿರುಗಿಸುತ್ತಿದ್ದಂತೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು, ಎರಡು ನಿಮಿಷದಲ್ಲಿ ಮಾಯವಾಯಿತು. ವಾಲ್ವುಗಳ ಬಳಿ ಆಯಿಲನ್ನು ತಡೆಯುವ ರಬ್ಬರ್ ಸೀಲುಗಳು ಸವೆದು, ರಾತ್ರಿಯಿಡೀ ಆಯಿಲ್ ಸಿಲಿಂಡರಿಗೆ ಇಳಿಯುತ್ತಿತ್ತು. ನೋಡಲು ಹೋದ ದಿನ ಎಂಜಿನ್ ಮೊದಲೇ ಬಿಸಿಯಾಗಿದ್ದರಿಂದ ಆ ಹೊಗೆ ನನಗೆ ಕಂಡಿರಲಿಲ್ಲ. ಅಂದಿನಿಂದ ಕಾರು ಮಾರುವವರಿಗೆ ನಾನು ಮೊದಲು ಹೇಳುವ ಮಾತು ಇದು: ‘ನಾನು ಬರುವವರೆಗೆ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ.’

ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿದ್ದರೆ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಅದರ ಒಳಬದಿ ನೋಡಿ. ಹಾಲು ಬೆರೆಸಿದಂಥ ಕೆನೆ ಅಂಟಿದ್ದರೆ ಆಯಿಲಿಗೆ ನೀರಿನಂಶ ಸೇರಿದೆ ಎಂದರ್ಥ. ಬರೀ ಸಣ್ಣ ದೂರ ಓಡಿದ ಗಾಡಿಯಲ್ಲಿಯೂ ಇದು ತುಸು ಕಾಣಬಹುದು. ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣವಿದ್ದು, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಮಟ್ಟವೂ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗ ಮತ್ತು ಬ್ಲಾಕ್ ನಡುವಿನ ಸೀಲು) ಮೇಲೆ ಅನುಮಾನ ಪಡಲೇಬೇಕು. ಕೂಲಂಟ್ ನೋಡಲು ರೇಡಿಯೇಟರ್ ಮುಚ್ಚಳವನ್ನು ತೆರೆಯುವುದೂ ಈಗಲೇ. ಎಂಜಿನ್ ಬಿಸಿಯಾದ ಮೇಲೆ ಅದನ್ನು ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಈಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತುಕೊಳ್ಳಿ. ಚಳಿಯ ಬೆಳಿಗ್ಗೆ ತೆಳುವಾದ ಬಿಳಿ ಆವಿ ಬಂದು ಹೋಗುವುದು ಸಹಜ. ಎಂಜಿನ್ ಕಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಬಂದರೆ ಉರಿಯುತ್ತಿರುವುದು ಆಯಿಲ್. ಇನ್ನೊಂದು ವಿಷಯ: ಸ್ಟಾರ್ಟ್ ಮಾಡುವ ಮುಂಚೆ ಕೀಲಿಯನ್ನು ‘ON’ ಹಂತಕ್ಕೆ ತಿರುಗಿಸಿದಾಗ ಎಂಜಿನ್ ಮತ್ತು ಏರ್‌ಬ್ಯಾಗ್ ಎಚ್ಚರಿಕೆಯ ದೀಪಗಳು ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಿರಬೇಕು. ಹೊತ್ತದೇ ಇದ್ದರೆ ಯಾರೋ ಆ ದೀಪವನ್ನೇ ಕಿತ್ತಿರಬಹುದು.

ಬಹಳ ಜನ ಮೊದಲು ನೋಡುವುದು ಕಿಲೋಮೀಟರನ್ನು. ನಾನು ಮೊದಲು ಸರ್ವಿಸ್ ದಾಖಲೆ ಕೇಳುತ್ತೇನೆ. ಹೆದ್ದಾರಿಯಲ್ಲಿ 1,40,000 ಕಿ.ಮೀ. ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಕಾರನ್ನು, 40,000 ಕಿ.ಮೀ. ಮಾತ್ರ ಓಡಿ ದಾಖಲೆಯೇ ಇಲ್ಲದ ಕಾರಿಗಿಂತ ನಾನು ಹೆಚ್ಚು ನಂಬುತ್ತೇನೆ. ದಿನಕ್ಕೆ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ತೇವ ಮತ್ತು ಉರಿಯದ ಇಂಧನ ಆಯಿಲಿನಲ್ಲೇ ಉಳಿಯುತ್ತವೆ. ಮೀಟರ್ ಕಡಿಮೆ ತೋರಿಸುತ್ತಿದ್ದು ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ, ನಾನು ನಂಬುವುದು ರಬ್ಬರನ್ನು.

ದಾಖಲೆಯಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಹೊಂದಿಸಿ ನಡೆಸುವ ಪಟ್ಟಿ) ಬದಲಾಯಿಸಿದ ದಿನಾಂಕವನ್ನು ಹುಡುಕಿ. ಎಂಜಿನ್ನಿಗೆ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂದು ಮೊದಲೇ ತಿಳಿದುಕೊಂಡು ಹೋಗಿ. ಎಷ್ಟೋ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದ ಕ್ಷಣವೇ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವನ್ನು ಬಗ್ಗಿಸುತ್ತವೆ.

ಟೈರಿನ ಪಕ್ಕದ ಗೋಡೆಯ ಮೇಲೆ ತಯಾರಿಕೆಯ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಾಗಿಲುಗಳ ಸಂದು ಎರಡೂ ಕಡೆ ಒಂದೇ ಸಮ ಇದೆಯೇ, ಕೆಳಗೆ ಜಾಕ್ ಕೊಡುವ ಜಾಗದಲ್ಲಿ ತುಕ್ಕು ಹಿಡಿದಿದೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಕೆಸರಿನ ಗೆರೆ ಅಲ್ಲಿ ಉಳಿದಿರಬಹುದು.

ಓಡಿಸುವಾಗ ರೇಡಿಯೊ ಬೇಡ, ಮಾತೂ ಬೇಡ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಟಕ್ ಟಕ್ ಸದ್ದು ಬಂದರೆ ಆಕ್ಸಲಿನ ಸಿವಿ ಜಾಯಿಂಟ್ (ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಶಕ್ತಿ ಸಾಗಿಸುವ ಕೀಲು) ಸವೆದಿರುವ ಸಾಧ್ಯತೆ ಹೆಚ್ಚು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊರೆತ ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಇಷ್ಟೆಲ್ಲ ಸರಿಯಿದ್ದರೂ ನಿಮ್ಮ ಮೆಕ್ಯಾನಿಕ್ಕಿನಿಂದ ಲಿಫ್ಟಿನ ಮೇಲೆತ್ತಿಸಿ ನೋಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ಕಾರನ್ನು ನಾನು ಕೊಳ್ಳುವುದಿಲ್ಲ. ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮತ್ತು ಫಿಲ್ಟರುಗಳನ್ನು ಬದಲಾಯಿಸಿ. ಟೈಮಿಂಗ್ ಬೆಲ್ಟಿನ ದಿನಾಂಕ ಸಿಗದಿದ್ದರೆ ಅದನ್ನೂ ಬದಲಾಯಿಸಿ, ಆ ದಿನದ ಕಿಲೋಮೀಟರನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದು ಕಾರಿನಲ್ಲೇ ಇಡಿ.