ಮುರಕಲ್ಲಿನ ಇಗರ್ಜಿಯ ಗೋಡೆ, ಮಾಡು ಉಳಿಸಿಕೊಂಡ ಬಗೆ: ನನ್ನ ಅನುಭವ

ಬಂಟ್ವಾಳ ಕಡೆಯ, ನೂರು ವರ್ಷ ದಾಟಿದ ನಮ್ಮ ಇಗರ್ಜಿಯ (ಚರ್ಚಿನ) ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗಳಿಂದ ಸಿಮೆಂಟ್ ಸಾರಣೆಯನ್ನು (ಪ್ಲಾಸ್ಟರನ್ನು) ಪೂರ್ತಿ ಕಿತ್ತು ಸುಣ್ಣದ ಸಾರಣೆ ಮಾಡುತ್ತೇನೆ, ಮಾಡಿಗೆ (ಛಾವಣಿಗೆ) ಶೀಟು ಹಾಕದೆ ಹಳೆಯ ಹಂಚನ್ನೇ ಮತ್ತೆ ಹೊದಿಸುತ್ತೇನೆ ಎಂದು ನಾನು ಹೇಳಿದಾಗ, ಪಾಲನಾ ಮಂಡಳಿಯಲ್ಲಿ ಅದನ್ನು ಒಪ್ಪಿದವರು ಧರ್ಮಗುರುಗಳು ಮತ್ತು ಇಬ್ಬರು ಗುರಿಕಾರರು (ವಾರ್ಡಿನ ಮುಖಂಡರು) ಮಾತ್ರ. ಕೆಡವಿ ಕಾಂಕ್ರೀಟಿನಲ್ಲಿ ಕಟ್ಟೋಣ ಎನ್ನುವವರೇ ಹೆಚ್ಚಿದ್ದರು. "ಆಟಿಯ (ಆಷಾಢದ) ಮಳೆಗೆ ಸುಣ್ಣ ನಿಲ್ಲುವುದುಂಟೇ ಮಾರಾಯರೇ?" ಎಂದು ಅನುಭವಸ್ಥ ಮೇಸ್ತ್ರಿಗಳೇ ಕೇಳಿದ್ದರು. ಈಗ ಎರಡು ಮಳೆಗಾಲಗಳು ಕಳೆದಿವೆ. ಬಲಿಪೀಠದ ಹಿಂದಿನ ಗೋಡೆ ಮೊಣಕಾಲಿನ ಎತ್ತರದಲ್ಲಿಯೂ ಒಣಗಿದೆ. ಆದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೂವತ್ತು ವರ್ಷಗಳ ಹಿಂದೆ ಯಾರೋ ಭಕ್ತಿಯಿಂದಲೇ ಮಾಡಿಸಿದ ಸಿಮೆಂಟ್ ಸಾರಣೆ ನೆಲದಿಂದ ಸುಮಾರು ಐದು ಅಡಿಯವರೆಗೆ ಇತ್ತು. ಅದನ್ನು ಕಿತ್ತಾಗ ಹಿಂದಿನ ಮುರಕಲ್ಲು ನಾಲ್ಕು ಬೆರಳಿನ ಆಳಕ್ಕೆ ಕೆಂಪು ಪುಡಿಯಾಗಿ ಕೈಗೆ ಬಂದಿತು. ಅದೇ ಗೋಡೆಯಲ್ಲಿ, ಸಿಮೆಂಟ್ ತಾಗದ ಮೇಲ್ಭಾಗದ ಕಲ್ಲು ಉಳಿಗೆ ಜಗ್ಗದಷ್ಟು ಗಟ್ಟಿಯಾಗಿತ್ತು. ಸಭೆಯ ಸದಸ್ಯರನ್ನು ಕರೆದು ಎರಡನ್ನೂ ಅವರ ಕೈಯಿಂದಲೇ ಮುಟ್ಟಿಸಿದೆ. ಅರ್ಧ ವಿರೋಧ ಅಲ್ಲಿಗೇ ನಿಂತಿತು. ಹಾಳಾದ ಕಲ್ಲಿನ ಮುಖವನ್ನು ಕೊರೆದು ತೆಗೆದು, ಕೆಡವಿದ ಹಳೆಯ ಮನೆಗಳ ಕಲ್ಲನ್ನು ತುಂಡರಿಸಿ ಕೂರಿಸಿದೆವು. ಈಗಿನ ಕೋರೆಗಳಲ್ಲಿ ಯಂತ್ರದಿಂದ ಕೊಯ್ದ ಕಲ್ಲು ಗಾಳಿಗೆ ಬಲಿಯುವ ಮೊದಲೇ ಲಾರಿ ಹತ್ತುತ್ತದೆ, ಅಂಥದ್ದನ್ನು ಹಳೆಯ ಗೋಡೆಗೆ ಸೇರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಹೆಚ್ಚು ಕಾಡಿದ್ದು ಸುಣ್ಣ. ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಸುಡುವ ಗೂಡುಗಳು ಈಗ ವಿರಳ. ಮೊದಲು ತರಿಸಿದ ಲೋಡಿನಲ್ಲಿ ಸರಿಯಾಗಿ ನೀರು ಕುಡಿಯದ ಹರಳುಗಳು ಉಳಿದಿದ್ದವು. ಸಾರಣೆ ಮುಗಿದ ಕೆಲವು ವಾರಗಳಲ್ಲಿ ಅವು ಒಳಗೇ ಅರಳಿ, ದಕ್ಷಿಣದ ಗೋಡೆಯ ತುಂಬ ಕಡಲೆಕಾಳಿನ ಗಾತ್ರದ ಗುಳಿಗಳನ್ನು ಎಬ್ಬಿಸಿದವು. ಕಿತ್ತು ಮತ್ತೆ ಮಾಡುವಾಗ 60,000 ರೂಪಾಯಿಯಷ್ಟು ಹೋಯಿತು. ಪೂರೈಸಿದವರು ಹೊಣೆ ಹೊರಲಿಲ್ಲ. ಮುಂದಿನ ಲೋಡನ್ನು ಹೊಂಡದಲ್ಲಿ ನೀರಿನ ಅಡಿಯಲ್ಲಿ ಒಂದು ಇಡೀ ಮಳೆಗಾಲ ನೆನೆಯಲು ಬಿಟ್ಟು, ಸೊಳ್ಳೆಪರದೆಯಂಥ ಸಣ್ಣ ಜಾಲರಿಯಲ್ಲಿ ಸೋಸಿಯೇ ಬಳಸಿದೆವು. ಹೊಯ್ಗೆಯ (ಮರಳಿನ) ವಿಷಯದಲ್ಲಿಯೂ ಒಂದು ಮಾತು: ಅಳಿವೆಯ ಹತ್ತಿರದ ಹೊಯ್ಗೆ ಎಷ್ಟು ಅಗ್ಗವಾದರೂ ಬೇಡ, ಅದರ ಉಪ್ಪು ಗೋಡೆಯನ್ನು ಬಿಡುವುದಿಲ್ಲ.

ಒಡೆದ ಹಂಚುಗಳ ರಾಶಿಯನ್ನು ಕಂಡು, ಅದನ್ನೇ ಕುಟ್ಟಿ ಸುರ್ಕಿ (ಸುಣ್ಣಕ್ಕೆ ಬೆರೆಸುವ ಸುಟ್ಟ ಮಣ್ಣಿನ ಪುಡಿ) ಮಾಡಿದರೆ ಹಣ ಉಳಿಯುವುದಲ್ಲವೇ ಎಂಬ ಆಸೆ ನನಗೂ ಹುಟ್ಟಿತು. ಶವಾಗಾರದ ಹಿಂಬದಿಯ ಆವರಣ ಗೋಡೆಯ ಮೇಲೆ ಹಂಚಿನ ಪುಡಿಯ ಒಂದು ಪಟ್ಟಿ, ಅರೆಬೆಂದ ನಾಡ ಇಟ್ಟಿಗೆಯ ಪುಡಿಯ ಒಂದು ಪಟ್ಟಿ, ಬರೀ ಹೊಯ್ಗೆಯ ಒಂದು ಪಟ್ಟಿ ಬಳಿದು ನೋಡಿದೆ. ಇಟ್ಟಿಗೆಯ ಪಟ್ಟಿ ಹತ್ತು ಹನ್ನೆರಡು ದಿನಗಳಲ್ಲಿ ಉಗುರಿಗೆ ಜಗ್ಗದಂತಾಯಿತು. ಹಂಚಿನ ಪುಡಿಯದ್ದಕ್ಕೂ ಬರೀ ಹೊಯ್ಗೆಯದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಹಂಚಿನಂತೆ ಹೆಚ್ಚು ಸುಟ್ಟ ಮಣ್ಣು ಸುಣ್ಣದೊಡನೆ ಬೆರೆತು ಗಟ್ಟಿಯಾಗುವ ಗುಣವನ್ನು ಕಳೆದುಕೊಂಡಿರುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಹೊಯ್ಗೆ, ಒಂದು ಪಾಲು ಇಟ್ಟಿಗೆ ಪುಡಿ ಎಂಬಲ್ಲಿಗೆ ಬಂದು ನಿಂತೆವು. ಕೊನೆಯ ಕೈಯಲ್ಲಿ ಓಲೆಬೆಲ್ಲದ (ತಾಳೆಬೆಲ್ಲದ) ನೀರೂ ಅಳಲೆಕಾಯಿಯ ನೀರೂ ಸೇರುತ್ತವೆ; ಅವುಗಳ ಪ್ರಮಾಣವನ್ನು ಹಿರಿಯ ಮೇಸ್ತ್ರಿಯೊಬ್ಬರು ನನ್ನೊಬ್ಬನಿಗೆ ಹೇಳಿಕೊಟ್ಟಿರುವುದರಿಂದ ಇಲ್ಲಿ ಬರೆಯಲಾರೆ.

ಪಡುವಣ ದಿಕ್ಕಿನ ಮುಖಮಂಟಪದ ಗೋಡೆಯಲ್ಲಿ ಮೊದಲ ವರ್ಷದ ಸಾರಣೆ ನಿಲ್ಲಲಿಲ್ಲ. ಏಪ್ರಿಲಿನಲ್ಲಿ ಮುಗಿದ ಕೆಲಸವದು. ಜೂನಿನ ಗಾಳಿಮಳೆ ನೇರವಾಗಿ ಬಡಿದು ಮೇಲಿನ ಒಂದು ಪದರ ಕೊಚ್ಚಿಹೋಯಿತು. ಬೇಡವೆಂದವರಿಗೆ ಅದೊಂದು ದೊಡ್ಡ ಸಾಕ್ಷಿಯಾಯಿತು. ಮರುವರ್ಷ ದೀಪಾವಳಿ ಮುಗಿದ ಕೂಡಲೇ ಅದೇ ಗೋಡೆಯಿಂದ ಆರಂಭಿಸಿ, ಒದ್ದೆ ಗೋಣಿ ಇಳಿಬಿಟ್ಟು ಮೂರು ವಾರ ಆರದಂತೆ ನೋಡಿಕೊಂಡೆವು, ಆಮೇಲೆ ಮೇ ತಿಂಗಳವರೆಗೆ ಗಾಳಿಗೆ ಬಿಟ್ಟೆವು. ಅದು ಈಗಲೂ ಹಾಗೆಯೇ ಇದೆ.

ಮಾಡಿನಲ್ಲಿ ಅಂದಾಜು 8,000 ಹಂಚುಗಳಿದ್ದವು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಕಡೆ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವಲ್ಲ, ಅವುಗಳಲ್ಲಿ ನಾಲ್ಕೈದರ ಮುದ್ರೆಗಳು ನಮ್ಮ ಒಂದೇ ಮಾಡಿನಲ್ಲಿ ಸಿಕ್ಕವು. ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಂಚಿನ ಸದ್ದು ಬಂದದ್ದನ್ನು ಇಟ್ಟುಕೊಂಡು ಬದ್ದೆಂದದ್ದನ್ನು ಬದಿಗಿಟ್ಟೆವು. ನೀರಿನ ಪಂಪು ಹಿಡಿದು ಪಾಚಿ ತೊಳೆಯಲು ಯುವಕರು ಮುಂದಾದರು. ಅದು ಹಂಚಿನ ಮೇಲ್ಚರ್ಮವನ್ನೇ ಎಬ್ಬಿಸುವುದರಿಂದ ತೆಂಗಿನ ನಾರಿನ ಬ್ರಷ್ಷಿಗೇ ಅಂಟಿಕೊಂಡೆವು. 2,000ಕ್ಕೂ ಹೆಚ್ಚು ಹಂಚು ಕಡಿಮೆ ಬಿದ್ದಾಗ, ಹಳೆಯ ಮನೆಗಳಿಂದ ಒಂದಕ್ಕೆ 15 ರೂಪಾಯಿಯಂತೆ ಕೊಂಡೆವು. ಒಂದು ಕಾರ್ಖಾನೆಯ ಹಂಚಿನ ತೋಡು (ಕೊರಕಲು) ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಒಂದು ಮುದ್ರೆಯ ಹಂಚುಗಳನ್ನು ಒಂದೇ ಇಳಿಜಾರಿನಲ್ಲಿ ಒಟ್ಟಿಗೆ ಹೊದಿಸಿ, ಆಯಾ ಹಂಚಿನ ಅಳತೆಗೆ ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಬದಲಿಸಿದೆವು. ಎರಡು ಮುದ್ರೆಗಳು ಸಂಧಿಸುವಲ್ಲಿ ಏನು ಮಾಡಿದೆವು ಎಂಬುದನ್ನು ನೋಡಲು ನೀವು ಬಂದು ಏಣಿ ಹತ್ತಬೇಕು.

ಪಕ್ಕಾಸುಗಳು (ಮಾಡಿನ ಇಳಿಜಾರು ತೊಲೆಗಳು) ಕಿರಾಲುಬೋಗಿ ಎಂಬ ಗಟ್ಟಿ ಮರದವು, ನಡುಭಾಗ ಇಂದಿಗೂ ಮೊಳೆ ಇಳಿಯಲು ಬಿಡುವುದಿಲ್ಲ. ಗೋಡೆಯೊಳಗೆ ಸಿಮೆಂಟಿನಲ್ಲಿ ಹುದುಗಿದ್ದ ತುದಿಗಳು ಮಾತ್ರ ಕುಂಬಾಗಿ ಕೊಳೆತಿದ್ದವು. ಇಡೀ ಮರ ಬದಲಿಸದೆ, ತುದಿಯನ್ನಷ್ಟೇ ಕೊಯ್ದು ಓರೆಯಾಗಿ ಬೆಸೆದು, ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಕೈ ಬಳಿದು, ಸುತ್ತ ಗಾಳಿಯಾಡಲು ಬೆರಳಷ್ಟು ಜಾಗ ಬಿಟ್ಟೆವು. ಆ ಎಣ್ಣೆ ತಾಗಿದಲ್ಲಿ ಚರ್ಮ ಬೊಬ್ಬೆ ಏಳುತ್ತದೆ, ಕೈಗವಸು ಕಡ್ಡಾಯ.

ಹೊಸ ಕಟ್ಟಡಕ್ಕೆ ಎರಡು ಕೋಟಿಗೂ ಮೇಲಿನ ಅಂದಾಜು ಬಂದಿತ್ತು. ನಮ್ಮ ಕೆಲಸ, ಕಿತ್ತು ಮಾಡಿದ್ದೂ ಸೇರಿ, 40 ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಸುಣ್ಣದ ಸಾರಣೆಗೆ ಸಿಮೆಂಟಿನ ದುಪ್ಪಟ್ಟು ಕೂಲಿ ಬೀಳುತ್ತದೆ ಎಂಬುದನ್ನು ಸಭೆಗೆ ಮೊದಲೇ ಹೇಳಿಬಿಡಿ. ಗಂಟೆಗೋಪುರ ಇನ್ನೂ ಬಾಕಿ ಇದೆ. ಅದಕ್ಕೆ ಬೇಕಾದ ಸುಣ್ಣ ಹೊಂಡದಲ್ಲಿ ನೆನೆಯುತ್ತಿದೆ. ಈ ಬಾರಿ ಹಣ ಮಂಜೂರು ಮಾಡಲು ಮಂಡಳಿ ಒಂದೇ ಸಭೆ ತೆಗೆದುಕೊಂಡಿತು.