ಖಾಲಿ ವರ್ಷಕ್ಕೆ ದುಡ್ಡು ಕಟ್ಟುವ ಮುಂಚೆ

ಹೋದ ತಿಂಗಳು ಲೆಸ್ಟರ್‌ನಿಂದ ಅಕ್ಕನ ಫೋನ್. "ಬ್ರಿಟನ್ ಪೆನ್ಷನ್ ದಾಖಲೆ ತೆಗೆದು ಕೂತಿದ್ದೀನಿ ಕಣೋ. ಆರು ವರ್ಷಗಳ ಪಕ್ಕದಲ್ಲಿ 'ಇಯರ್ ಈಸ್ ನಾಟ್ ಫುಲ್', ವರ್ಷ ತುಂಬಿಲ್ಲ ಅಂತಿದೆ. ಎಲ್ಲಾ ಒಟ್ಟಿಗೆ ಕಟ್ಟಿಬಿಡ್ಲಾ?" ತಡಿ ಅಂದೆ. ಕೊನೆಗೆ ಅವಳು ದುಡ್ಡು ಕಟ್ಟಿದ್ದು ಎರಡೇ ವರ್ಷಕ್ಕೆ. ಅದು ಹೇಗೆ ಅಂತ ಬರೆದರೆ ಅಲ್ಲಿರುವ, ಅಲ್ಲಿ ದುಡಿದು ಊರಿಗೆ ವಾಪಸಾಗಿರುವ ಹಲವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಮೂಲ ಲೆಕ್ಕ. ಬ್ರಿಟನ್ನಿನ ಹೊಸ ಸ್ಟೇಟ್ ಪೆನ್ಷನ್ 2016ರ ಏಪ್ರಿಲ್ 6ರಂದು ಶುರುವಾಯಿತು. ಸಂಬಳದಿಂದ ಕಡಿತವಾಗುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಇದಕ್ಕೆ ಆಧಾರ. ಕನಿಷ್ಠ 10 ವರ್ಷದ ವಂತಿಗೆ ಲೆಕ್ಕ ತುಂಬಿರದಿದ್ದರೆ ಏನೂ ಸಿಗುವುದಿಲ್ಲ. 2016ರ ನಂತರ ಕೆಲಸಕ್ಕೆ ಸೇರಿದವರಿಗೆ ಪೂರ್ತಿ ಪೆನ್ಷನ್ ಬೇಕೆಂದರೆ 35 ವರ್ಷ ಬೇಕು. 2026–27ರಲ್ಲಿ ಪೂರ್ತಿ ಪೆನ್ಷನ್ ವಾರಕ್ಕೆ 241.30 ಪೌಂಡ್. ಅಂದರೆ ಒಂದೊಂದು ವರ್ಷದ ಬೆಲೆ ವಾರಕ್ಕೆ ಸುಮಾರು 6.89 ಪೌಂಡ್, ವರ್ಷಕ್ಕೆ 358 ಪೌಂಡ್. ಖಾಲಿ ವರ್ಷ, ಅಂದರೆ ವಂತಿಗೆ ಪೂರ್ತಿ ಇಲ್ಲದ ವರ್ಷ, ತುಂಬಲು ನಾವೇ ಕಟ್ಟುವ ಕ್ಲಾಸ್ 3 ವಂತಿಗೆ ವಾರಕ್ಕೆ 18.40 ಪೌಂಡ್, ಇಡೀ ವರ್ಷಕ್ಕೆ 956.80. ಪೆನ್ಷನ್ ಶುರುವಾದ ಮೇಲೆ ಮೂರು ವರ್ಷ ಬದುಕಿದರೆ ಹಾಕಿದ್ದು ವಾಪಸ್. ಇಷ್ಟು ಲಾಭದ ವ್ಯವಹಾರ ಬೇರೆ ಎಲ್ಲಿ ಸಿಗುತ್ತದೆ, ಅಲ್ವಾ? ಅದಕ್ಕೇ ಜನ ಯೋಚಿಸದೆ ಕಟ್ಟಿಬಿಡುತ್ತಾರೆ. ಆದರೆ ಅಗತ್ಯವಿಲ್ಲದೆ ಕಟ್ಟಿದ ದುಡ್ಡನ್ನು ಇಲಾಖೆ ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ.

ಹೆಜ್ಜೆ 1: ಅಂದಾಜು ನೋಡಿ

ಸರ್ಕಾರಿ ವೆಬ್‌ಸೈಟಿನಲ್ಲಿ ಅಥವಾ ತೆರಿಗೆ ಇಲಾಖೆಯ ಆ್ಯಪ್‌ನಲ್ಲಿ ಲಾಗಿನ್ ಆಗಿ ಪೆನ್ಷನ್ ಫೋರ್‌ಕಾಸ್ಟ್ ತೆರೆಯಿರಿ. ಅಲ್ಲಿ ಎರಡು ಮೊತ್ತ ಇರುತ್ತವೆ. ಇಲ್ಲಿಯವರೆಗೆ ಗಳಿಸಿದ್ದು ಎಷ್ಟು, ಪೆನ್ಷನ್ ವಯಸ್ಸಿನವರೆಗೆ ಹೀಗೇ ದುಡಿದರೆ ಎಷ್ಟು. ಎರಡನೆಯದು ಆಗಲೇ ಪೂರ್ತಿ ಮೊತ್ತ ತೋರಿಸುತ್ತಿದ್ದರೆ, ಮತ್ತು ನೀವು ಅಲ್ಲಿಯವರೆಗೆ ದುಡಿಯುವುದು ಖಚಿತವಿದ್ದರೆ, ಸುಮ್ನೆ ಬಿಡಿ. 45ರ ವಯಸ್ಸಿನ, ನೌಕರಿಯಲ್ಲಿರುವ ಎಷ್ಟೋ ಜನಕ್ಕೆ ಖಾಲಿ ವರ್ಷ ತುಂಬುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ಥರದವರೂ ಇದ್ದಾರೆ. 2016ಕ್ಕೆ ಮುಂಚೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ದುಡಿದ ನಮ್ಮ ಡಾಕ್ಟರು, ನರ್ಸುಗಳು. ಅಲ್ಲಿನ ಪೆನ್ಷನ್ ಸ್ಕೀಮಿನಲ್ಲಿದ್ದವರು ಆಗ 'ಕಾಂಟ್ರಾಕ್ಟೆಡ್ ಔಟ್' ಆಗಿದ್ದರು, ಅಂದರೆ ಸ್ಟೇಟ್ ಪೆನ್ಷನ್ನಿನ ಒಂದು ಭಾಗ ಬಿಟ್ಟುಕೊಟ್ಟು ಕಡಿಮೆ ವಂತಿಗೆ ಕಟ್ಟುತ್ತಿದ್ದರು. ಅವರಿಗೆ 35 ವರ್ಷ ತುಂಬಿದರೂ ಪೂರ್ತಿ ಪೆನ್ಷನ್ ಬರದೆ ಹೋಗಬಹುದು. ವರ್ಷ ಎಣಿಸುತ್ತಾ ಕೂರಬೇಡಿ, ಮೊತ್ತ ನೋಡಿ.

ಹೆಜ್ಜೆ 2: ಪುಕ್ಕಟೆ ಸಿಗುವುದನ್ನು ಮೊದಲು ಕೇಳಿ

ಅಕ್ಕನ ಆರರಲ್ಲಿ ನಾಲ್ಕು ವರ್ಷ ಬಗೆಹರಿದದ್ದು ಇಲ್ಲೇ. ಮಗ ಚಿಕ್ಕವನಿದ್ದಾಗ ಅವಳು ಮನೆಯಲ್ಲೇ ಇದ್ದಳು. 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ (ಮಕ್ಕಳಿಗೆಂದು ಸರ್ಕಾರ ಕೊಡುವ ಭತ್ಯೆ) ಕೇಳಿದವರ ಹೆಸರಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ತಾನಾಗಿ ಸೇರುತ್ತದೆ, ಅಂದರೆ ವಂತಿಗೆ ಕಟ್ಟದಿದ್ದರೂ ಕಟ್ಟಿದ ಲೆಕ್ಕ. ಆದರೆ ಅರ್ಜಿ ಭಾವನ ಹೆಸರಿನಲ್ಲಿತ್ತು! ನಮ್ಮ ಮನೆಗಳಲ್ಲಿ ಎಲ್ಲಾ ಕಾಗದ ಯಜಮಾನರ ಹೆಸರಲ್ಲೇ ತಾನೆ. ಭಾವನಿಗೆ ನೌಕರಿಯಿಂದಲೇ ವರ್ಷ ತುಂಬುತ್ತಿತ್ತು, ಆ ಕ್ರೆಡಿಟ್ ದಂಡ. ಅದನ್ನು ಗಂಡನಿಂದ ಹೆಂಡತಿಗೆ ವರ್ಗಾಯಿಸಲು ಸಿಎಫ್411ಎ ಅನ್ನುವ ಫಾರಂ ಇದೆ. ಹಾಕಿದಳು, ಸೇರಿತು. ಹಳೆಯ ವರ್ಷಗಳಿಗೆ ಕೇಳುವವರು ತಡಮಾಡಬಾರದು.

ಗಂಡನ ಸಂಬಳ ಜಾಸ್ತಿ ಅಂತ ಚೈಲ್ಡ್ ಬೆನಿಫಿಟ್ ಬೇಡ ಅನ್ನುವವರು ಒಂದು ವಿಷಯ ನೆನಪಿಡಿ. ದುಡ್ಡು ಬೇಡ ಎಂದು ಬರೆದು ಅರ್ಜಿ ಮಾತ್ರ ಹಾಕಬಹುದು. ಕ್ರೆಡಿಟ್ ಸಿಗುತ್ತದೆ. ಆದರೆ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದು ವೀಸಾದಲ್ಲಿ ಬರೆದಿರುವವರು ಚೈಲ್ಡ್ ಬೆನಿಫಿಟ್ ಕೇಳುವಂತಿಲ್ಲ. ಅಲ್ಲೇ ನೆಲೆಸಿ, ಪೆನ್ಷನ್ ವಯಸ್ಸಾಗದೆ, ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿ–ತಾತನಿಗೂ ಮಗುವಿನ ತಾಯಿಯ ಕ್ರೆಡಿಟ್ ಕೊಡಿಸಬಹುದು. ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಹೋದ ಅಜ್ಜಿಗೆ ಇಲ್ಲ, ಪಾಪ.

ಹೆಜ್ಜೆ 3: ಅಗ್ಗದ್ದನ್ನು ಮೊದಲು ತುಂಬಿ

ಸಾಮಾನ್ಯವಾಗಿ ಹಿಂದಿನ ಆರು ವರ್ಷಗಳಿಗೆ ಮಾತ್ರ ಕಟ್ಟಬಹುದು. 2020–21ರ ಖಾಲಿಗೆ ಕೊನೆ ದಿನ 2027ರ ಏಪ್ರಿಲ್ 5. ಅಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ, ನಮ್ಮ ಮಾರ್ಚ್ 31 ಅಲ್ಲ.

ಖಾಲಿ ವರ್ಷ ಅಂದರೆ ಪೂರ್ತಿ ಖಾಲಿಯೇ ಆಗಿರಬೇಕಿಲ್ಲ. ಪ್ರತಿ ವರ್ಷದ ಪಕ್ಕದಲ್ಲಿ ವಿವರ ಒತ್ತಿ ನೋಡಿ. ಅಕ್ಕನಿಗೆ 2022–23ರಲ್ಲಿ ಐದೇ ವಾರ ಕಡಿಮೆ ಇತ್ತು. ಐದು ವಾರಕ್ಕೆ 92 ಪೌಂಡ್ ಕಟ್ಟಿದರೆ ಇಡೀ ವರ್ಷ ಸಿಗುತ್ತದೆ, ಪೆನ್ಷನ್ ಬಂದಾಗ ಪ್ರತಿ ವರ್ಷ 358. ಕಣ್ಣು ಮುಚ್ಚಿ ಕಟ್ಟು ಅಂದೆ. ಇನ್ನೊಂದು ಖಾಲಿ 2024–25. ಅಮ್ಮನನ್ನು ನೋಡಿಕೊಳ್ಳಲು ಹಾಸನಕ್ಕೆ ಬಂದಿದ್ದ ವರ್ಷ ಅದು. ಹಿಂದಿನ ಎರಡು ವರ್ಷಗಳಿಗೆ ಆಗಿನ ದರವೇ ನಡೆಯುತ್ತದೆ. ಹಾಗಾಗಿ ವಾರಕ್ಕೆ 17.45ರಂತೆ 907.40 ಪೌಂಡ್ ಆಯಿತು.

ಹೆಜ್ಜೆ 4: ಕೇಳಿ, ಆಮೇಲೆ ಕಟ್ಟಿ

ಪೆನ್ಷನ್ ವಯಸ್ಸಾಗದವರು ಫ್ಯೂಚರ್ ಪೆನ್ಷನ್ ಸೆಂಟರ್ ಎಂಬ ಸರ್ಕಾರಿ ಕಚೇರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಈ ವರ್ಷಕ್ಕೆ ಕಟ್ಟಿದರೆ ನನ್ನ ಪೆನ್ಷನ್ ಎಷ್ಟು ಏರುತ್ತದೆ? ಉತ್ತರ ಬರೆದಿಟ್ಟುಕೊಳ್ಳಿ. ಬಂದದ್ದೆಲ್ಲಾ ಲಾಭ ಎಂದುಕೊಂಡು ಕಟ್ಟುವವರು ಮರೆಯುವುದು ಎರಡು: ಈ ಪೆನ್ಷನ್‌ಗೂ ಆದಾಯ ತೆರಿಗೆ ಇದೆ, ಮತ್ತು ಬಡ ವೃದ್ಧರಿಗೆ ಸಿಗುವ ಪೆನ್ಷನ್ ಕ್ರೆಡಿಟ್ ಎಂಬ ನೆರವು ಅಷ್ಟರಮಟ್ಟಿಗೆ ತಗ್ಗಬಹುದು.

ಬ್ಯಾಂಕಿನಿಂದ ಕಳಿಸುವಾಗ ಇಲಾಖೆ ಕೊಟ್ಟ 18 ಅಂಕಿಯ ರೆಫರೆನ್ಸ್ ನಂಬರ್ ಹಾಕಬೇಕು. ಒಂದಂಕಿ ತಪ್ಪಿದರೂ ದುಡ್ಡು ಎಲ್ಲೋ ತಿರುಗಾಡುತ್ತಿರುತ್ತದೆ.

ಊರಿಗೆ ಬಂದವರಿಗೆ

ಬ್ರಿಟನ್‌ನಲ್ಲಿ ಏಳು ವರ್ಷ ದುಡಿದು ಮೈಸೂರಿಗೆ ಬಂದವರ ಲೆಕ್ಕ ನೋಡಿ. ಹಾಗೇ ಬಿಟ್ಟರೆ ಸೊನ್ನೆ. ಕಟ್ಟಲು ಅರ್ಹರಾಗಿದ್ದು ಇನ್ನು ಮೂರು ವರ್ಷ ತುಂಬಿದರೆ 10 ಆಯಿತು, ವಾರಕ್ಕೆ ಸುಮಾರು 69 ಪೌಂಡ್. ವಿದೇಶದಿಂದ ಕಟ್ಟಲು ಸಿಎಫ್83 ಫಾರಂ. ಆದರೆ 2026ರ ಏಪ್ರಿಲ್ 6ರಿಂದ ನಿಯಮ ಬಿಗಿಯಾಗಿದೆ. ಆ ದಿನದ ನಂತರದ ಅವಧಿಗೆ ವಿದೇಶದಲ್ಲಿರುವವರಿಗೆ ಅಗ್ಗದ ಕ್ಲಾಸ್ 2 ಇಲ್ಲ. ಆ ಅವಧಿಯ ಕ್ಲಾಸ್ 3ಕ್ಕೆ ಹೊಸದಾಗಿ ಅರ್ಜಿ ಹಾಕಲೂ ಅಲ್ಲಿ 10 ವರ್ಷ ಇದ್ದಿರಬೇಕು ಅಥವಾ ಕಟ್ಟಿರಬೇಕು.

ಭಾರತದಲ್ಲಿ ಈ ಪೆನ್ಷನ್ ತೆಗೆದುಕೊಳ್ಳಬಹುದು, ಬೆಂಗಳೂರಿನ ಬ್ಯಾಂಕ್ ಖಾತೆಗೇ ಬರುತ್ತದೆ. ಆದರೆ ಪ್ರತಿ ಏಪ್ರಿಲ್‌ನ ಏರಿಕೆ ಮಾತ್ರ ಇಲ್ಲಿರುವವರಿಗೆ ಸಿಗುವುದಿಲ್ಲ. ಮೊದಲ ದಿನ ಎಷ್ಟು ಬಂತೋ, ಇಪ್ಪತ್ತು ವರ್ಷ ಆದರೂ ಅಷ್ಟೇ. ಹಾಕಿದ ದುಡ್ಡು ಆಗಲೂ ಬೇಗನೆ ವಾಪಸ್ ಬರುತ್ತದೆ, ಆದರೆ ಬೆಂಗಳೂರಿನ ಮುಂದಿನ ಬಾಡಿಗೆಗೆ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಕಟ್ಟಿದ ಮೇಲೆ ದಾಖಲೆ ಬದಲಾಗಲು ವಾರಗಟ್ಟಲೆ ಹಿಡಿಯಬಹುದು. ಅಕ್ಕ ದಿನಾ ಬೆಳಿಗ್ಗೆ ಆ್ಯಪ್ ತೆಗೆದು ನೋಡುತ್ತಿದ್ದಳಂತೆ. ನಿನ್ನೆ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು: 2024–25, 'ಫುಲ್ ಇಯರ್'. ಕೆಳಗೆ "ಬಂತು ಕಣೋ" ಅಂತ ಬರೆದಿದ್ದಳು.