ಮೊಬೈಲ್ ಹಿಡ್ಕೊಂಡೇ ಬೇರೆ ನಕ್ಷತ್ರದ ಗ್ರಹ ಹುಡುಕೋದು ಹೇಗೆ

2012ರ ಜೂನ್ 6ರ ಬೆಳಗ್ಗೆ ಶುಕ್ರ ಗ್ರಹ ಸೂರ್ಯನ ಮೇಲೆ ಕಪ್ಪು ಚುಕ್ಕೆ ಥರ ಸರಿದು ಹೋಗಿದ್ದು ನೆನಪಿದ್ಯಾ? ಅವತ್ತು ಸೋಲಾರ್ ಫಿಲ್ಟರ್‌ನಲ್ಲಿ ನೋಡಿದವರಿಗೆ ಈ ಕೆಲಸದ ಅರ್ಧ ಗುಟ್ಟು ಗೊತ್ತು ಅಂತಲೇ ಲೆಕ್ಕ. ದೂರದ ನಕ್ಷತ್ರದಲ್ಲಿ ಚುಕ್ಕೆ ಕಾಣಲ್ಲ, ಗ್ರಹ ಅಡ್ಡ ಬಂದಾಗ (ಇದಕ್ಕೇ ಟ್ರಾನ್ಸಿಟ್ ಅನ್ನೋದು) ಬೆಳಕು ಒಂಚೂರು ಕಮ್ಮಿಯಾಗತ್ತಲ್ಲ, ಅದಷ್ಟೇ ಅಳತೆಗೆ ಸಿಗೋದು. ಸೂರ್ಯನಂಥ ನಕ್ಷತ್ರಕ್ಕೆ ಗುರುವಿನಷ್ಟು ದೊಡ್ಡ ಗ್ರಹ ಅಡ್ಡ ಬಂದ್ರೆ ಸುಮಾರು 1%, ಭೂಮಿಯಷ್ಟಿದ್ರೆ 0.01%ಗಿಂತಲೂ ಕಮ್ಮಿ.

ನಾಸಾದ ಟೆಸ್ ಉಪಗ್ರಹ 2018ರಿಂದ ಆಕಾಶದ ಒಂದೊಂದು ಪಟ್ಟಿಯನ್ನ ಸುಮಾರು 27 ದಿನ ನೋಡ್ತಾ ಇದನ್ನೇ ಅಳೀತಿದೆ. ಆ ಡೇಟಾದಲ್ಲಿ ಗ್ರಹ ಹುಡುಕೋಕೆ ಕಂಪ್ಯೂಟರ್ ಇರುವಾಗ ನಾವ್ಯಾಕೆ ಅಂತ ಎಲ್ರೂ ಕೇಳ್ತಾರೆ. ಪ್ರೋಗ್ರಾಂಗಳು ಸಾಮಾನ್ಯವಾಗಿ ಮತ್ತೆ ಮತ್ತೆ ಬರೋ ಬೆಳಕಿನ ಕುಸಿತಗಳನ್ನ ಹುಡುಕ್ತವೆ, ಆದ್ರೆ ನಿಧಾನಕ್ಕೆ ಸುತ್ತೋ ಗ್ರಹ ಆ 27 ದಿನದಲ್ಲಿ ಒಂದೇ ಒಂದ್ಸಲ ಮುಖ ತೋರಿಸಿ ಹೋಗ್ಬಿಡತ್ತೆ, ಅಲ್ಲಿ ಮನುಷ್ಯರ ಕಣ್ಣೇ ಬೇಕು. 84 ದಿನಕ್ಕೊಮ್ಮೆ ಸುತ್ತೋ ಟಿಓಐ-813 ಬಿ ಅನ್ನೋ ಗ್ರಹ ಹೀಗೇ ವಾಲಂಟಿಯರ್‌ಗಳ ಕಣ್ಣಿಗೆ ಬಿದ್ದಿದ್ದು.

ಶುರು ಮಾಡೋದು ಸುಲಭ. ಜನಸಾಮಾನ್ಯರೂ ವಿಜ್ಞಾನದ ಸಂಶೋಧನೆಗೆ ಕೈಜೋಡಿಸೋ ಝೂನಿವರ್ಸ್ ವೆಬ್‌ಸೈಟಲ್ಲಿ ಪ್ಲಾನೆಟ್ ಹಂಟರ್ಸ್ ಟೆಸ್ ಪ್ರಾಜೆಕ್ಟ್ ತೆಗೀರಿ. ದುಡ್ಡೇನೂ ಕೊಡ್ಬೇಕಿಲ್ಲ, ಅಕೌಂಟ್ ಇಲ್ದೇನೂ ಮಾಡ್ಬಹುದು, ಆದ್ರೂ ಮಾಡ್ಕೊಳಿ, ನಾಳೆ ಏನಾದ್ರೂ ಸಿಕ್ರೆ ನಿಮ್ಮ ಹೆಸರು ಗೊತ್ತಾಗ್ಬೇಕಲ್ವಾ. ಡಿಗ್ರಿ ಏನೂ ಕೇಳಲ್ಲ. ಪರದೆ ತುಂಬ ಚುಕ್ಕೆಗಳ ಒಂದು ಗ್ರಾಫ್ ಬರತ್ತೆ, ಅದೇ ಲೈಟ್ ಕರ್ವ್: ಎಡದಿಂದ ಬಲಕ್ಕೆ ದಿನಗಳು, ಮೇಲೆ ಕೆಳಗೆ ಬೆಳಕು. ಟ್ರಾನ್ಸಿಟ್ ಥರ ಕಂಡ ಜಾಗದ ಮೇಲೆ ಡ್ರ್ಯಾಗ್ ಮಾಡಿ ಪಟ್ಟಿ ಎಳೀರಿ, ಏನೂ ಇಲ್ಲ ಅಂದ್ರೆ ಹಾಗೇ ಸಬ್ಮಿಟ್ ಮಾಡಿ. 'ಏನೂ ಇಲ್ಲ' ಅನ್ನೋದೂ ಉತ್ತರಾನೇ, ಅದಕ್ಕೆ ಬೇಜಾರಾಗ್ಬೇಡಿ.

ಈಗ ಮುಖ್ಯ ವಿಷಯ, ಯಾವ ಕುಸಿತ ಗ್ರಹದ್ದು? ಗ್ರಹದ ಟ್ರಾನ್ಸಿಟ್ ಸಾಮಾನ್ಯವಾಗಿ ಕೆಲವು ಗಂಟೆ ಅಷ್ಟೇ, ಥಟ್ ಅಂತ ಇಳಿದು, ತಳದಲ್ಲಿ ಬಾಣಲೆ ಥರ ಸ್ವಲ್ಪ ಚಪ್ಪಟೆಯಾಗಿದ್ದು, ಮತ್ತೆ ಥಟ್ ಅಂತ ಏರತ್ತೆ. ದಿನಗಟ್ಟಲೆ ನಿಧಾನವಾಗಿ ಏರಿಳಿಯೋ ಅಲೆ ಇದ್ರೆ ಅದು ನಕ್ಷತ್ರದ ಮೇಲಿನ ಕಲೆಗಳು ತಿರುಗ್ತಿರೋದು ಇರ್ಬಹುದು, ಆದ್ರೆ ಆ ಅಲೆಯ ಮೇಲೇ ಒಂದು ಸಣ್ಣ ಟ್ರಾನ್ಸಿಟ್ ಕೂತಿರೋದೂ ಉಂಟು, ಅದಕ್ಕೇ ಝೂಮ್ ಮಾಡದೇ ಮುಂದಕ್ಕೆ ಹೋಗ್ಬೇಡಿ. ಚೂಪಾಗಿ, ತುಂಬ ಆಳಕ್ಕೆ ಇಳಿದು, ಒಂದು ಆಳ ಒಂದು ಕಮ್ಮಿ ಆಳ ಅಂತ ಬಂದ್ರೆ ಅದು ಒಂದನ್ನೊಂದು ಮರೆಮಾಡೋ ಜೋಡಿ ನಕ್ಷತ್ರ. ಡೇಟಾ ಖಾಲಿ ಇರೋ ಜಾಗದ ಅಕ್ಕಪಕ್ಕ ಕಾಣೋ ಕುಸಿತವನ್ನ ಅಷ್ಟು ನಂಬ್ಬೇಡಿ, ಅಲ್ಲಿ ಭೂಮಿ ಚಂದ್ರನ ಬೆಳಕು ಕ್ಯಾಮೆರಾಗೆ ಚೆದುರಿ ಬಂದಿರೋ ಸಾಧ್ಯತೆ ಇರತ್ತೆ. ಮಧ್ಯ ಮಧ್ಯ ಕೃತಕ ಟ್ರಾನ್ಸಿಟ್ ಸೇರಿಸಿರೋ ಗ್ರಾಫೂ ಬರತ್ತೆ, ಸಬ್ಮಿಟ್ ಆದ್ಮೇಲೆ ಹೇಳ್ತಾರೆ. ನನ್ನ ಕಣ್ಣು ಪಳಗಿದ್ದೇ ಅವುಗಳಿಂದ. ಒಂದೇ ಗ್ರಾಫನ್ನ ಹಲವಾರು ಜನ ನೋಡ್ತಾರೆ, ಹಾಗಾಗಿ ತಪ್ಪಾದ್ರೆ ಅನ್ನೋ ಭಯ ಬೇಡ.

ಅನುಮಾನ ಬಂದಿದ್ದನ್ನ ಪ್ರಾಜೆಕ್ಟಿನ ಟಾಕ್ ಅನ್ನೋ ಚರ್ಚೆ ವಿಭಾಗದಲ್ಲಿ ಹಾಕಿ, ಅನುಭವ ಇರೋರು ಹಳೇ ಡೇಟಾ ಎಲ್ಲ ತೆಗೆದು ನೋಡ್ತಾರೆ, ವಿಜ್ಞಾನಿಗಳೂ ಅಲ್ಲಿ ಇರ್ತಾರೆ. ಈ ಪ್ರಾಜೆಕ್ಟಿನ ಮೊದಲ ರೂಪ 2010ರಲ್ಲಿ ನಾಸಾದ ಕೆಪ್ಲರ್ ಬಾಹ್ಯಾಕಾಶ ಟೆಲಿಸ್ಕೋಪಿನ ಡೇಟಾ ಇಟ್ಕೊಂಡು ಶುರುವಾಗಿದ್ದು, 2012ರಲ್ಲಿ ಇಬ್ಬರು ವಾಲಂಟಿಯರ್‌ಗಳು ಹುಡುಕಿದ ಪಿಎಚ್1 ಬಿ ಅನ್ನೋ ಗ್ರಹ ಎರಡು ಸೂರ್ಯರನ್ನ ಸುತ್ತತ್ತೆ, ಅದರಾಚೆ ಇನ್ನೊಂದು ಜೋಡಿ ನಕ್ಷತ್ರ! ನನಗೆ ಈಗಲೂ ಅದನ್ನ ನೆನೆಸ್ಕೊಂಡ್ರೆ ಮೈ ಜುಂ ಅನ್ನತ್ತೆ.

ಟೆಲಿಸ್ಕೋಪ್ ಇದ್ದೋರು ನಾಸಾದ ಎಕ್ಸೋಪ್ಲಾನೆಟ್ ವಾಚ್‌ಗೂ ಸೇರ್ಬಹುದು. ಅಲ್ಲಿ ಗೊತ್ತಿರೋ ಗ್ರಹಗಳ ಟ್ರಾನ್ಸಿಟ್ ಸಮಯವನ್ನ ಮತ್ತೆ ಅಳೀಬೇಕು, ಯಾಕಂದ್ರೆ ಸಣ್ಣ ಸಣ್ಣ ವ್ಯತ್ಯಾಸ ವರ್ಷಗಳಲ್ಲಿ ಬೆಳೆದು ಜೇಮ್ಸ್ ವೆಬ್‌ನಂಥ ಟೆಲಿಸ್ಕೋಪಿನ ಅಮೂಲ್ಯ ಗಂಟೆಗಳು ವ್ಯರ್ಥ ಆಗ್ಬಾರ್ದಲ್ಲ. ನಕ್ಷತ್ರ ಸಾಕಷ್ಟು ಪ್ರಕಾಶವಾಗಿದ್ದು ಕುಸಿತ 1% ಆಸುಪಾಸು ಇದ್ರೆ 6 ಇಂಚಿನ ಟೆಲಿಸ್ಕೋಪ್, ಒಂದು ಕ್ಯಾಮೆರಾ ಸಾಕು, ಲೆಕ್ಕವನ್ನ ಅವರದ್ದೇ ಎಕ್ಸಾಟಿಕ್ ಅನ್ನೋ ಸಾಫ್ಟ್‌ವೇರ್ ಮಾಡತ್ತೆ. ನಮ್ಮ ಮಲೆನಾಡು ಕರಾವಳಿ ಕಡೆ ಜೂನಿಂದ ಸೆಪ್ಟೆಂಬರ್ ತನಕ ಆಕಾಶಾನೇ ಸಿಗಲ್ಲ, ಆಗ ರೋಬಾಟಿಕ್ ಟೆಲಿಸ್ಕೋಪ್ ತೆಗೆದ ಚಿತ್ರಗಳನ್ನ ಅವರಿಂದ ಕೇಳಿ ಪಡ್ಕೊಂಡು ಕೂತಲ್ಲೇ ಮಾಡ್ಬಹುದು.